ರೇಷ್ಮೆ ಎಳೆಗೆ ಪೋಣಿಸಿದ ಕೋಳಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ಒಂದು ಅಂದರೆ ಎರಡು ಅನ್ನದೆ ಬಿಟ್ಟವಳಲ್ಲ. ಗುಳೇದಗುಡ್ಡದ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅತ್ತೆ ಮಾಸುಮಬಿಗೂ ನನಗೂ ಅಡುಗೆಮನೆಯಲ್ಲಿ ಜಗಳ ನಡೆದೇ ಇತ್ತು. ಈಗ ಜಗಳ ನಿಂತಿದೆ. ಅದೇ ನನಗೆ ಸಂಕಟ. ಅತ್ತೆಗೆ ಮರೆವು ಹತ್ತಿದೆ.

ರಂಜಾನ್ ಮುಗಿದ ಮೇಲೆ ಒಮ್ಮೆ ಗ್ಯಾಸ್ ಹಚ್ಚಿಟ್ಟು ಪಕ್ಕದ ಮನೆಗೆ ಹರಟೆಗೆ ಹೋಗಿಬಿಟ್ಟಳು. ಪಾತ್ರೆ ಸುಟ್ಟು ಮನೆಯೆಲ್ಲ ಹೊಗೆ. ಒಳಕೋಣೆಯಲ್ಲಿ ಕುಪ್ಪಸದ ಖಣ ನೇಯುತ್ತಿದ್ದ ಮಾವ ಯಾಕೂಬಸಾಬ ಮಗ್ಗ ಬಿಟ್ಟು ಓಡಿಬಂದರು.

“ಇನ್ನೊಂದ ಸಲ ಏನಾರ ಆತಂದ್ರ ಈಕೀ ಕೈಯಾಗ ಯಾವ ಕೆಲಸಾನೂ ಕೊಡಬ್ಯಾಡ. ಸುಮ್ಮ ಕುಂತಿರ್ಲಿ” ಎಂದರು ನನಗೆ.

ಹೆದರಿಕೆಗೆ ಆಡಿದ ಮಾತು. ಆದರೆ ಆಡಿದರೆ ಮುಗಿಯಿತು, ಮಾವ ಹಿಂದೆ ಸರಿಯುವವರಲ್ಲ. ಅಂದಿನಿಂದ ಒಲೆ ನನ್ನ ಪಾಲಾಯಿತು. ಅತ್ತೆಗೆ ಉಳಿದದ್ದು ಬೇಸಿಗೆಯಲ್ಲಿ ಕೋಳಿ ಒಣಗಿಸುವ ಕೆಲಸ ಒಂದೇ. ಅದೂ ಹೋದರೆ ಆಕೆ ಹಾಸಿಗೆ ಹಿಡಿಯುತ್ತಾಳೆ ಎಂದು ನನಗೆ ಭಯ.

ಮೊನ್ನೆ ಶುಕ್ರವಾರ ಕೋಳಿ ತರಿಸಿದೆವು. ಇಳಕಲ್ಲಿನಲ್ಲಿರುವ ನಾದಿನಿ ಗೌಸಿಯಾ ಬಸುರಿ, ಅವಳ ಬಾಯಿ ಅಮ್ಮಿಯ ಒಣಕೋಳಿಯನ್ನೇ ಬೇಡುತ್ತಿತ್ತು. ಎಲುಬಿಲ್ಲದ ಮಾಂಸವನ್ನು ಅತ್ತೆ ಬೆರಳುದ್ದಕ್ಕೆ ಸೀಳಿದಳು. ಅರಿಶಿನ, ಉಪ್ಪಿನ ನೀರಲ್ಲಿ ನಾನು ಒಂದು ಕುದಿ ಕುದಿಸಿ ಕೊಟ್ಟೆ. ಆಕೆ ಜಜ್ಜಿದ ಬೆಳ್ಳುಳ್ಳಿ, ಕೆಂಪು ಖಾರ ಹಚ್ಚಿ ನಿಂಬೆಹಣ್ಣು ಹಿಂಡಿದಳು.

“ಖಾರ ಸಾಕಲ್ರಿ?” ಎಂದೆ.

“ನನಗ ಕಲಿಸಾಕ ಬಂದಿಯೇನ?” ಎಂದಳು. ನನ್ನ ಹಳೆಯ ಅತ್ತೆ ಸಿಕ್ಕಂತಾಗಿ ಖುಷಿಯಾಯಿತು.

ನಮ್ಮಲ್ಲಿ ಕೋಳಿಯನ್ನು ತಟ್ಟೆಯಲ್ಲಿ ಹರವುವುದಿಲ್ಲ. ದಬ್ಬಣದಿಂದ ದಾರಕ್ಕೆ ಪೋಣಿಸಿ, ಮಾಳಿಗೆಯ ಬಿಸಿಲಲ್ಲಿ ತೋರಣದ ಹಾಗೆ ಕಟ್ಟಿ, ನೊಣ ಕೂರದಂತೆ ತೆಳುಬಟ್ಟೆ ಹೊದಿಸುತ್ತೇವೆ. ಮಗ್ಗದ ಮನೆಯವರು ದಾರ ಕೊಳ್ಳುತ್ತಾರೆಯೇ? ನೇಯ್ದು ಉಳಿದ ತುಂಡು ನೂಲೇ ಸಾಕು.

ಅತ್ತೆ ಮೊದಲೇ ಮೇಲೆ ಹೋಗಿ ಪೋಣಿಸಿ ಕಟ್ಟುತ್ತಿದ್ದಳು, ನಾನು ಬಟ್ಟೆ ಹಿಡಿದು ಮಾಳಿಗೆ ಹತ್ತಿದೆ. ಸಾಲಾಗಿ ಕೋಳಿ ತೂಗುತ್ತಿತ್ತು, ಎಳೆ ಕೆಂಪಗೆ ಹೊಳೆಯುತ್ತಿತ್ತು. ಅದು ತುಂಡು ನೂಲಲ್ಲ, ರೇಷ್ಮೆ.

ಕೆಳಗೆ ಓಡಿದೆ. ಹಿಂದಿನ ದಿನವಷ್ಟೇ ಮಗ್ಗಕ್ಕೆ ಏರಿಸಿದ್ದ ಉದ್ದುದ್ದ ರೇಷ್ಮೆ ಎಳೆಗಳ ಹೊಸ ಹಾಸು ಒಂದು ಬದಿಗೆ ಗೇಣಗಲ ಖಾಲಿ. ಅತ್ತೆ ಕತ್ತರಿಸಿಕೊಂಡಿದ್ದಳು. ಇನ್ನು ಒಂದೊಂದೇ ಎಳೆ ಹೊಸದಾಗಿ ಗಂಟು ಹಾಕಬೇಕು.

“ಈ ದಾರ ಎಲ್ಲಿಂದ ತಂದ್ರಿ?” ಮಾಳಿಗೆಗೆ ಹೋಗಿ ಕೇಳಿದೆ.

“ಉಳದದ್ದು ಬಿದ್ದಿತ್ತಲ್ಲ” ಎಂದಳು ಅತ್ತೆ. ಸುಳ್ಳು ಹೇಳುವ ಮುಖವಲ್ಲ ಅದು.

ಅಷ್ಟರಲ್ಲಿ ಮಾವ ನಮಾಜು ಮುಗಿಸಿ ಬಂದರು. ನಾನು ಇಳಿದು ಬಂದಾಗ ಮಗ್ಗದ ಮುಂದೆ ನಿಂತಿದ್ದರು.

“ಯಾರ ಕೆಲಸ ಇದು?” ಎಂದರು. ಕಣ್ಣು ಆಗಲೇ ಮಾಳಿಗೆಯ ಮೆಟ್ಟಿಲ ಕಡೆಗಿತ್ತು.

“ನಂದ್ರಿ ಮಾಮಾ. ಉಳದ ನೂಲು ಅಂತ ತಿಳಕೊಂಡೆ. ನಾ ಬಾಗಲಕೋಟಿಯಾಕಿ, ಮಗ್ಗದ್ದು ನನಗೇನ ಗೊತ್ತರಿ?”

ಮಾವ ಬಾಯಿ ತೆರೆಯುವ ಮೊದಲೇ ಅತ್ತೆ ಇಳಿದು ಬಂದಳು. ಕೈಯಿನ್ನೂ ಖಾರದಿಂದ ಕೆಂಪಗಿತ್ತು. ಹಾಸು ನೋಡಿದಳು, ನನ್ನನ್ನು ನೋಡಿದಳು.

“ಹಾಸಿನ ಎಳಿಗೆ ಕತ್ತರಿ ಹಾಕಿದಿ? ಉಣ್ಣೂ ಗಂಗಾಳಕ್ಕ ಒದ್ದಂಗಾತಲ್ಲ. ಬುದ್ಧಿ ಎಲ್ಲಿ ಅಡವಿಟ್ಟು ಬಂದಿ? ಹರೇದ ಹೆಣ್ಣಿಗೆ ಇಷ್ಟ ಮರವು ಇರಬಾರದು.”

ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಳು ಬಂತು. ಬೈಸಿಕೊಂಡದ್ದಕ್ಕಲ್ಲ, ಆಕೆಗೆ ಏನೇನೂ ನೆನಪಿರಲಿಲ್ಲ, ಅದಕ್ಕೆ.

ಮಾವನ ಕಣ್ಣು ಆಕೆಯ ಖಾರದ ಕೈಮೇಲೆ ನಿಂತಿತು. ಆಮೇಲೆ ಮಗ್ಗದ ಕೆಳಗಿನ ಕುಣಿಗೆ ಕಾಲು ಇಳಿಬಿಟ್ಟು ಕೂತು, “ಕೈ ತೊಳಕೊಂಡ ಬಾ ಮಾಸುಮಾ, ಎಳಿ ಹಿಡಿ” ಎಂದು ಕರೆದರು. ಅತ್ತೆ ಬಂದು ಪಕ್ಕದಲ್ಲಿ ಕೂತಳು. ಮಾವ ಒಂದು ಗಂಟು ಹಾಕುವುದರೊಳಗೆ ಆಕೆ ಎರಡು ಹಾಕುತ್ತಿದ್ದಳು.

“ಒಣಕೋಳಿ ನಾನ ನೋಡ್ಕೋತೇನಿ” ಎಂದಳು ತಲೆ ಎತ್ತದೆ. “ಈಕೀನ್ನ ಮಾಳಿಗಿ ಹತ್ತಗೊಡಬ್ಯಾಡ್ರಿ. ಏನ ಮಾಡ್ತಾಳ ಈಕಿಗೇ ಗೊತ್ತಿರಂಗಿಲ್ಲ.”

ಮಾವ ನನ್ನ ಮುಖ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಆತು” ಎಂದರು ಆಕೆಗೆ. “ನೀನ ನೋಡ್ಕೋ.”