ನಕಲಿಗೆ ಇನ್ನೊಂದು ಹೆಸರು

ನಾನು ಕಾಸೀಮಸಾಬ, ತಳಕಲ್ಲಿನ ದೊಡ್ಡಾಟದ ಮೇಳದಲ್ಲಿ ಮದ್ದಳೆ ಬಾರಿಸುವವನು. ನಮ್ಮ ಮೇಳದಲ್ಲಿ ರಾಜನ ಪಾತ್ರದವರು ಮೂವರಿದ್ದರು. ಕಿರೀಟ ಇಳಿಸಿದ ಮೇಲೂ ಅವರು ರಾಜರೇ, ಮಾತಾಡಿಸಿದರೆ ಮೀಸೆ ತಿರುವುತ್ತಿದ್ದರು. ಆದರೆ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದದ್ದು ನಕಲಿ ಅಂದಪ್ಪನನ್ನು ನೋಡಲಿಕ್ಕೆ. ನಮ್ಮ ಕಡೆ ಆಟದಲ್ಲಿ ನಗಿಸುವವನಿಗೆ ನಕಲಿ ಎನ್ನುತ್ತಾರೆ. ತುಂಟ ಮಗನಿಗೆ ತಾಯಿ ಕೂಡ ‘ನಕಲಿ ಮಾಡಬ್ಯಾಡ, ಸುಮ್ನ ಉಣ್ಣು’ ಎನ್ನುತ್ತಾಳೆ. ಅಂಥ ನಿರುಪದ್ರವಿ ಮಾತು ಅದು. ಆ ಮಾತೇ ಒಂದು ದಿನ ಅವನ ಕೊರಳಿಗೆ ಬಂತು.

ನಿಜಾಮರ ಕಾಲ, ಸತ್ಯಾಗ್ರಹದ ಗಲಾಟೆ ಎದ್ದ ವರ್ಷ. ಗಡಿಯಾಚೆ ಗದಗಿನ ಕಡೆಯಿಂದ ಯಾರೋ ವೇಷ ಮರೆಸಿಕೊಂಡು ಬಂದು ಸರಕಾರದ ವಿರುದ್ಧ ಕಾಗದ ಹಂಚುತ್ತಿದ್ದಾರೆಂದು ಪೊಲೀಸರು ದಾರಿಗಳಲ್ಲಿ ನಿಂತಿದ್ದರು. ಕುಕನೂರಿನ ಆಚೆ ಆಟ ಮುಗಿಸಿ ನಾನೂ ಅಂದಪ್ಪನೂ ಬೆಳಗ್ಗೆ ಊರಿಗೆ ಹೊರಟಿದ್ದೆವು. ಪೊಲೀಸರವನು ಅವನ ಗಂಟು ಬಿಚ್ಚಿಸಿದ. ಒಳಗೆ ಪುಂಡಿನಾರಿನ ಗಡ್ಡ, ಹೆಂಗಸರ ಜಡೆ, ಒಂದು ಹರಕು ಕೋಟು. ಇನ್ನೇನು ಬೇಕು? ನಮ್ಮನ್ನು ನೆಟ್ಟಗೆ ಠಾಣೆಗೆ ನಡೆಸಿದರು.

ಠಾಣೆಯ ಅಧಿಕಾರಿ ಅಮೀನಸಾಹೇಬ ಹೈದರಾಬಾದಿನಿಂದ ಹೊಸದಾಗಿ ಬಂದವನು, ಕನ್ನಡ ಬಾರದು. ನಗುವಿಗೂ ಅವನಿಗೂ ಮಾತುಕತೆ ಇರಲಿಲ್ಲವೆಂದು ಮುಖವೇ ಹೇಳುತ್ತಿತ್ತು. "ತೂ ಕೌನ್?" ಎಂದ.

ಅಷ್ಟು ಉರ್ದು ಅಂದಪ್ಪನಿಗೂ ತಿಳಿಯುತ್ತಿತ್ತು. ಕೈಮುಗಿದು, ಊರೆಲ್ಲ ಕರೆಯುವ ಹಾಗೆಯೇ ಹೇಳಿದ: "ನಕಲಿ ಅಂದಪ್ಪರಿ, ಸಾಹೇಬ್ರ."

ಅಮೀನನ ಹುಬ್ಬು ಮೇಲೇರಿತು. ಅವನ ಉರ್ದುವಿನಲ್ಲಿ ನಕಲಿ ಎಂದರೆ ಖೊಟ್ಟಿ. ಕಳ್ಳ ತಾನಾಗಿಯೇ ಒಪ್ಪಿಕೊಂಡನಲ್ಲ! "ಅಸಲಿ ಕಹಾಂ ಹೈ?" ಎಂದು ಮೇಜು ಗುದ್ದಿದ. ಖರೇ ಅಂದಪ್ಪ ಎಲ್ಲಿದ್ದಾನೆಂದು ಕೇಳುತ್ತಿದ್ದಾರೆ ಎಂದೆ ನಾನು.

"ನಾನ ಅದೀನಲ್ರಿ" ಎಂದ ಅಂದಪ್ಪ.

"ಹಾಗಾದರೆ ನಕಲಿ ಯಾರು?" ಅಮೀನನ ಮಾತನ್ನು ನಾನು ತಿರುಗಿಸಿ ಕೇಳಿದೆ.

"ಅವನೂ ನಾನರಿ."

ಮಧ್ಯಾಹ್ನದ ಮೋಟಾರಿಗೆ ಇವನನ್ನು ದೊಡ್ಡ ಜೈಲಿಗೆ ಸಾಗಿಸಿ ಎಂದು ಅಮೀನ ಹುಕುಂ ಮಾಡಿಬಿಟ್ಟ. ಅಲ್ಲಿಗೆ ಹೋದವರು ಯಾವಾಗ ಮರಳುತ್ತಾರೆಂದು ಹೇಳುವವರು ಇರಲಿಲ್ಲ.

ಬಿಡಿಸಬೇಕಾದವನು ನಾನೇ. ಉರ್ದು ನಮ್ಮ ಮನೆಮಾತು ನಿಜ, ಆದರೆ ಹೈದರಾಬಾದಿನವರು ಅದನ್ನು ಉರ್ದುವೆಂದು ಒಪ್ಪುವುದಿಲ್ಲ. ಇರಲಿ ಎಂದು ಧೈರ್ಯ ಮಾಡಿ, "ಬಹುರೂಪಿಯಾ ಹೈ, ಸರಕಾರ್" ಎಂದೆ. ವೇಷ ಬದಲಿಸುವವನೇ? ಅಮೀನ ಹುಡುಕುತ್ತಿದ್ದದ್ದು ಅಂಥವನನ್ನೇ. ಗಾಬರಿಯಾಗಿ "ಮಸ್ಖರಾ, ಮಸ್ಖರಾ" ಎಂದೆ. ನನ್ನ ಜೊತೆಗೇ ಮಸ್ಕಿರಿಯೇ ಎಂದು ಅವನು ಎದ್ದು ನಿಂತ. ಗುಮಾಸ್ತ ದೇವೇಂದ್ರಪ್ಪನಿಗೆ ನಮ್ಮನ್ನು ನೋಡಿ ಕನಿಕರ ಹುಟ್ಟಿತು. "ವಿದೂಷಕ ಅಂತ ಹೇಳಿ ನೋಡ್ರಿ" ಎಂದ. ಹೇಳಿದೆ. ಯಾವ ಊರಿನ ಹೆಸರು ಅದು ಎಂದು ಅಮೀನ ಕೇಳಿದ. "ಕೋಡಂಗಿ ಅನ್ರಿ" ಎಂದ ಬಾಗಿಲಲ್ಲಿದ್ದ ಪೊಲೀಸರವನು. ಅದನ್ನು ನಾನು ಕೋಡಗವೆಂದು ತಿಳಿದು "ಬಂದರ್" ಎಂದು ತಿರುಗಿಸಿದೆ. ಮಂಗನಿಗೂ ಕೋಳ ಹಾಕಿ ಎಂದ ಅಮೀನ.

ನಗಿಸುವವನಿಗೆ ಇಷ್ಟು ಹೆಸರು, ಒಂದೂ ಅವನ ಕೈ ಹಿಡಿಯಲಿಲ್ಲ.

"ಕಾಕಾ, ಸಾಕು ಬಿಡ್ರಿ" ಎಂದ ಅಂದಪ್ಪ. "ನೀವು ಇನ್ನೊಂದ ಮಾತು ಆಡಿದ್ರ ನನಗ ಫಾಶೀನ ಆಗ್ತೈತಿ. ನಾ ತೋರಸ್ತೀನಂತ ಹೇಳ್ರಿ."

ಗಂಟಿಗೆ ಕೈ ಹಾಕಲಿಲ್ಲ. ಬಣ್ಣವಿಲ್ಲ, ಗಡ್ಡವಿಲ್ಲ. ಗೋಡೆಯ ಕಡೆ ಮುಖ ಮಾಡಿ ನಿಂತು, ಮೆಲ್ಲಗೆ ತಿರುಗಿದ.

ತಿರುಗಿದವನು ನಾನು.

ಮದ್ದಳೆಯ ಪಟ್ಟಿ ಎಳೆದೆಳೆದು ಇಳಿದ ಬಲಭುಜ, ಒಂದು ಬೆರಳು ಎಡಗಿವಿಯ ಹಿಂದೆ, ಮಾತಿಗೆ ಮೊದಲು ಗಂಟಲಲ್ಲಿ ಸಣ್ಣದೊಂದು ಗೊರಗೊರ. ಆಮೇಲೆ ಅವನ ಬಾಯಿಂದ ಉರ್ದು ಹರಿಯಿತು ನೋಡಿ! ಅದರಲ್ಲಿ ಉರ್ದುವಿನ ಒಂದು ಶಬ್ದವೂ ಇರಲಿಲ್ಲ, ಬರೀ ಅದರ ಏರಿಳಿತ, ನನ್ನ ತೊದಲು, ನನ್ನ ಸಲಾಮು. ಅಮೀನ ಅರ್ಥವಾದವನಂತೆ ಎರಡು ಸಲ ತಲೆಯಾಡಿಸಿ, ಉತ್ತರಕ್ಕೆ ಬಾಯಿ ತೆರೆದು, ಅಲ್ಲೇ ನಿಂತ. ಆಗ ತಿಳಿಯಿತು ಅವನಿಗೆ. ಕುರ್ಚಿಯ ಕೈ ಹಿಡಿದುಕೊಂಡು ನಕ್ಕ, ಕಣ್ಣೊರೆಸಿಕೊಂಡು ನಕ್ಕ. ಪೊಲೀಸರವನ ಲಾಠಿ ಕೈಜಾರಿ ಬಿತ್ತು. "ಯೇ ಅಸಲಿ ಹೈ, ಛೋಡೋ" ಎಂದ ಅಮೀನ.

ಬಿಡುಗಡೆಯಾಯಿತು. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಕಲ್ಲಾಗಿ ನಿಂತಿದ್ದೆ.

ದಾರಿಯಲ್ಲಿ ಕೇಳಿದೆ, "ಕಿವಿ ಹಿಂದ ಬೆರಳು ಇಡೂದು, ಆ ಗಂಟಲ ಸದ್ದು, ನಾ ಖರೇನ ಹಂಗ ಮಾಡ್ತೀನೇನೊ?"

"ಮಾತು ತಪ್ಪಿದಾಗೊಮ್ಮೆ ಮಾಡ್ತೀರಿ, ಕಾಕಾ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಅದು ನಮ್ಮಪ್ಪ ಮದಾರಸಾಬನ ಚಾಳಿ ಎಂದಷ್ಟೇ ಗೊತ್ತಿತ್ತು. ಅವನೂ ಮದ್ದಳೆಯವನೇ. ನಾನು ಅಂಬೆಗಾಲಿಡುವಾಗಲೇ ಪ್ಲೇಗಿನಲ್ಲಿ ಹೋದ. ಪಟವಿಲ್ಲ, ಏನಿಲ್ಲ. ತಪ್ಪು ಮಾಡಿದಾಗ ಒಂದು ಬೆರಳು ಕಿವಿಯ ಹಿಂದೆ ಹೋಗುತ್ತಿತ್ತು, ಗಂಟಲು ಗೊರಗುಟ್ಟುತ್ತಿತ್ತು ಎಂದು ನಮ್ಮಮ್ಮ ಬಾನುಬೀ ಹೇಳಿದ್ದಷ್ಟೇ. ನನ್ನೊಳಗೆ ಚೂರುಚೂರಾಗಿ ಬಿದ್ದಿದ್ದನ್ನು ಇವನು ಒಟ್ಟುಗೂಡಿಸಿ ಎದ್ದು ನಿಲ್ಲಿಸಿದ್ದ. ಠಾಣೆಯಲ್ಲಿ ನಾನು ನಮ್ಮಪ್ಪನನ್ನು ಮೊದಲ ಸಲ ನೋಡಿದ್ದೆ.

ಅವನನ್ನು ಮನೆಗೇ ಕರೆದುಕೊಂಡು ಹೋದೆ. ಅಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಒಂದ ಸಲ ಮಾಡಪಾ" ಎಂದು ಅಂಗಲಾಚಿದೆ.

"ಬ್ಯಾಡ್ರಿ ಕಾಕಾ, ಅದು ನಗಸಾಕ ಮಾಡಿದ್ದು" ಎಂದ. ಆಮೇಲೆ ನನ್ನ ಮುಖ ನೋಡಿ, ಹೊಸ್ತಿಲ ಮೇಲೆ ನಿಂತ. ಭುಜ ಇಳಿಯಿತು, ಬೆರಳು ಕಿವಿಯ ಹಿಂದೆ ಹೋಯಿತು, ಗಂಟಲು ಗೊರಗುಟ್ಟಿತು.

ಅಮ್ಮನ ಕೈಯ ಮೊರ ನಿಂತಿತು. ನಗುತ್ತಾಳೆ ಎಂದುಕೊಂಡೆ. ಅವಳು ಗೋಡೆ ಹಿಡಿದು ಎದ್ದಳು. ಊರ ಗೌಡ ಎದುರು ಬಂದರೂ ತಲೆಯ ಮೇಲೆ ಸೆರಗು ಎಳೆಯದ ಮುದುಕಿ, ಎರಡೂ ಕೈಯಿಂದ ಹಣೆಯ ತನಕ ಸೆರಗು ಎಳೆದುಕೊಂಡಳು.

"ಕುಂದರ್ರಿ. ರೊಟ್ಟಿ ಬಿಸಿ ಅದಾವ" ಎಂದಳು.

ಅಂದಪ್ಪನ ಮನೆತನದವರು ನಮ್ಮಲ್ಲಿ ನೀರೂ ಮುಟ್ಟುವವರಲ್ಲ. ಈಗ ವೇಷ ಬಿಟ್ಟು ಓಡುತ್ತಾನೆ ಎಂದು ನಾನು ಹೆದರಿದೆ. ಅವನು ಗಂಟಲು ಸರಿಮಾಡಿಕೊಂಡು ಒಳಗೆ ಬಂದು ಕುಳಿತ. ಅಮ್ಮ ಇಟ್ಟದ್ದನ್ನೆಲ್ಲ ಉಂಡ. ಕೊನೆಯ ತುತ್ತಿನ ತನಕ ಆ ಬಲಭುಜ ಮೇಲೇಳಲಿಲ್ಲ. ಎದ್ದು, ಹೊಸ್ತಿಲು ದಾಟಿ ಹೋದ.

ನನಗೆ ಅಂಜಿಕೆ ಹತ್ತಿತು. "ಅಮ್ಮಾ, ಅಂವ ಯಾರಂತ ಗೊತ್ತಾತಿಲ್ಲ?" ಎಂದೆ.

"ನಕಲಿ ಅಂದಪ್ಪ. ನನಗೇನ ಕಣ್ಣ ಹೋಗ್ಯಾವೇನು?" ಎಂದಳು. ತಾಟಿಗೆ ಕೈ ಹಾಕಿದ ನನ್ನನ್ನು ತಡೆದಳು. ಸೆರಗು ಇನ್ನೂ ತಲೆಯ ಮೇಲೇ ಇತ್ತು.

"ಇರಲಿ, ತೊಳಿಬ್ಯಾಡ. ಅವರು ಉಂಡ ತಾಟು."