ತೋಳಿನ ಮೇಲೆ ಬಿದ್ದ ಕಪ್ಪು ಬೀಜ

ಬೆಟ್ಟದಲ್ಲಿ ತೊಬಲಾ ಹುಡುಕುವುದೆಂದರೆ ಕಳ್ಳಿಗಳ ಸಂತೆಯಲ್ಲಿ ಒಬ್ಬ ಕಳ್ಳಿಯನ್ನು ಹಿಡಿದ ಹಾಗೆ. ಗಿಡ್ಡ ಜಾತಿಯ ಕಾಡು ಕತ್ತಾಳೆ ಅದು. ಮೈಗೆ ಬೂದಿ ಬಳಿದುಕೊಂಡು ಬಂಡೆಯ ಸಂದಿಯಲ್ಲಿ ಬಂಡೆಯಾಗಿಯೇ ಕೂತಿರುತ್ತದೆ. ಒದಿಲೋನ್ ಅವತ್ತು ಬೆಳಗಿನಿಂದ ಕಂಬಗಳ್ಳಿ, ಉಂಡೆಗಳ್ಳಿ, ಕಲ್ಲಿಗಂಟಿದ ಗುಲಾಬಿಯಂಥ ದಪ್ಪೆಲೆಯ ಗಿಡಗಳನ್ನೆಲ್ಲ ದಾಟಿ, ಕೊನೆಗೆ ಪ್ರಪಾತದ ಗೋಡೆಯಲ್ಲಿ ಒಂದನ್ನು ಕಂಡಿದ್ದ. ನಡುವಿನ ಎಲೆಗಳು ಸಣಕಲಾಗಿದ್ದವು. ಹೂದಂಡ ಏಳಲು ಇನ್ನು ನಾಲ್ಕೇ ದಿನ.

ಕತ್ತಾಳೆ ಹುಟ್ಟಿದ್ದಕ್ಕೆ ಒಂದೇ ಸಲ ಹೂ ಬಿಡುತ್ತದೆ. ಹೂ ಬಿಟ್ಟಮೇಲೆ ಜೀವವನ್ನೂ ಬಿಡುತ್ತದೆ. ಅದಕ್ಕೇ ಒಹಾಕಾದ ಈ ಬೆಟ್ಟದವರು ದಂಡ ಮೂಡುವಾಗಲೇ ಕಡಿದುಬಿಡುತ್ತಾರೆ. ಹೋರಿಗೆ ಹೇಳುವ ಹಾಗೆ ಅದಕ್ಕೂ 'ಬೀಜ ಒಡೆಯುವುದು' ಅಂತಲೇ ಹೆಸರು. ಆಮೇಲೆ ಗಿಡ ವರ್ಷವಿಡೀ ಒಳಗೊಳಗೇ ಸಿಹಿ ತುಂಬಿಕೊಂಡು ಕೊಬ್ಬುತ್ತದೆ. ಬರುವ ವರ್ಷ ಮಗಳ ಮದುವೆಗೆ ಕತ್ತಾಳೆಯ ಸಾರಾಯಿ ಮೆಸ್ಕಾಲ್ ಭಟ್ಟಿ ಇಳಿಸಲು ಒದಿಲೋನನಿಗೆ ಇಂಥದ್ದೇ ಬೇಕಿತ್ತು.

"ಹಗ್ಗ ಯಾವುದಕ್ಕೆ ಕಟ್ದೆಯೋ?" ಸೊಂಟದ ಗಂಟು ಬಿಗಿದುಕೊಳ್ಳುತ್ತ ಕೇಳಿದ.

"ಈ ದೊಡ್ಡ ಕತ್ತಾಳೆಗೆ ಭಾವ," ಎಂದ ಹೆಂಡತಿಯ ತಮ್ಮ ಹಸಿಂತೊ. "ದಂಡ ಕಡಿದಿದಾರೆ ನೋಡಿ. ಯಾರೋ ಬೀಜ ಒಡೆದ ಗಿಡ. ಎತ್ತು ಕಟ್ಟಿದ್ರೂ ಅಲ್ಲಾಡಲ್ಲ, ಇನ್ನು ನೀವೇನು ಮಹಾ!"

ಒದಿಲೋನ್ ತಿರುಗಿ ನೋಡಿದ. ನಡುವೆ ಕಡಿದ ಮೋಟು. ಕೆಳಗಿನ ಎಲೆಗಳು ಹಳದಿ. ಈ ಬಿಸಿಲುಗಾಲದಲ್ಲಿ ಹಳದಿಯಾಗದ್ದು ಏನಿದೆ? ಇಳಿದ.

ಐದಾಳು ಆಳಕ್ಕೆ ಇಳಿದಾಗ ಮೇಲಿಂದ ಪಾದ್ರಿಯ ಮೂಗುದನಿ ಕೇಳಿತು. ಹಸಿಂತೊನಿಗೆ ಊರಿನವರ ಗಂಟಲೆಲ್ಲ ಬಾಯಿಪಾಠ. "ಪ್ರಿಯ ಭಕ್ತರೇ, ಎಲ್ಲರೂ ಮೇಲಕ್ಕೆ ಹೋಗಲು ಹಂಬಲಿಸುವಾಗ ನಮ್ಮ ಒದಿಲೋನ್ ಕೆಳಕ್ಕೆ ಹೊರಟಿದ್ದಾನೆ!" ಕೂಡಲೇ ಒದಿಲೋನನ ಅತ್ತೆಯ ಕೀರಲು ದನಿ: "ಅಳಿಯಂದಿರೇ, ಹೊಟ್ಟೆ ಒಂಚೂರು ಒಳಗೆ ಎಳ್ಕೊಳ್ಳಿ. ಪಾಪ, ಹಗ್ಗ ಅಳ್ತಿದೆ!"

ಒದಿಲೋನ್ ಮೈ ಕುಲುಕಿ ನಕ್ಕ. ಹಗ್ಗವೂ ಕುಲುಕಿತು. ತೋಳಿನ ಮೇಲೆ ಏನೋ ಉದುರಿತು.

ಉಗುರಿನಷ್ಟು ತೆಳು, ಚಪ್ಪಟೆ, ಕಪ್ಪು. ಕತ್ತಾಳೆಯ ಬೀಜ. ಹಿಂದೆಯೇ ಇನ್ನೆರಡು.

ಬೀಜ ಒಡೆದ ಗಿಡಕ್ಕೆ ಬೀಜ ಎಲ್ಲಿಂದ ಬರಬೇಕು? ಮೇಲಿನ ಗಿಡ ಹೂ ಬಿಟ್ಟಿದೆ, ಕಾಯಿ ಕಟ್ಟಿದೆ. ಒಣಗಿದ ದಂಡವನ್ನು ಆಮೇಲೆ ಯಾರೋ ಸೂರಿನ ಗಳಕ್ಕೆಂದು ಕಡಿದೊಯ್ದಿದ್ದಾರೆ; ಉದುರಿದ ಬೀಜ ಎಲೆಗಳ ಸಂದಿಯಲ್ಲಿ ಉಳಿದಿದೆ. ಅದರ ಬೇರು ಸತ್ತಿದೆ. ಅವನು ಹೆಣಕ್ಕೆ ನೇತುಬಿದ್ದಿದ್ದ.

ಪಾದದ ಕೆಳಗೆ ಹದ್ದುಗಳು ಸುತ್ತುತ್ತಿದ್ದವು. ಅವುಗಳ ಬೆನ್ನು ಕಾಣುತ್ತಿತ್ತು.

ಕಿರುಚುವಂತಿಲ್ಲ. ಹೆದರಿದರೆ ಹಸಿಂತೊ ಮೊದಲು ಎಳೆಯುತ್ತಾನೆ, ಆಮೇಲೆ ಯೋಚಿಸುತ್ತಾನೆ. ಒಂದೇ ಒಂದು ಎಳೆತ ಸಾಕು. ಒದಿಲೋನ್ ಮಲಗಿದ ಕೂಸನ್ನು ಎಬ್ಬಿಸದಷ್ಟು ಮೆಲ್ಲಗೆ ಹೇಳಿದ: "ಹಸಿಂತೊ, ಹಗ್ಗ ಮುಟ್ಬೇಡ. ಗಿಡದ ಬುಡ ನೋಡು. ಮಣ್ಣು ಬಾಯಿ ಬಿಟ್ಟಿದೆಯಾ?"

ಮೇಲೆ ಪಾದ್ರಿಯೂ ಇಲ್ಲ, ಅತ್ತೆಯೂ ಇಲ್ಲ.

"ಭಾವ... ಬೆರಳು ತೂರುತ್ತೆ." ಸ್ವಲ್ಪ ಹೊತ್ತಿಗೆ, "ಈಗ ಕೈಯೇ ತೂರುತ್ತೆ."

ತೊಬಲಾ ಎಡಕ್ಕೆ, ಒಂದು ಮಾರು ಕೆಳಗಿತ್ತು. ಹದಿನಾಲ್ಕು ವರ್ಷ ಬಂಡೆಯ ಬಿರುಕಿಗೆ ಬೇರಿಳಿಸಿದ ಗಿಡ. ಉಸಿರು ಬಿಗಿಹಿಡಿದು ಜಾರಿ ಅದನ್ನು ತಬ್ಬಿಕೊಂಡ. ಮುಳ್ಳುಗಳು ತೋಳು, ಎದೆ, ಕೆನ್ನೆಗಳಿಗೆ ಹೊಕ್ಕವು. ಬಿಡಲಿಲ್ಲ. ಆದರೆ ಹಗ್ಗ ಇನ್ನೂ ಸೊಂಟದಲ್ಲಿತ್ತು; ಮೇಲಿನ ಗಿಡ ಬಿದ್ದರೆ ಇವನನ್ನೂ ಎಳೆದೊಯ್ಯುತ್ತದೆ. ಕತ್ತಾಳೆಗೆಂದು ತಂದ ಕತ್ತಿಯನ್ನು ಒಂದು ಕೈಯಲ್ಲಿ ಎಳೆದುಕೊಂಡ; ಈಗ ವಿಷಯ ಕತ್ತಿಗೇ ಬಂದಿತ್ತು. ತನ್ನನ್ನು ಹಿಡಿದಿದ್ದ ಒಂದೇ ಹಗ್ಗವನ್ನು ತಾನೇ ಕೊಯ್ಯಬೇಕು. ಕೈ ಒಪ್ಪಲಿಲ್ಲ. ತಲೆಯ ಮೇಲೆ ಕಲ್ಲುಗಳು ಉದುರತೊಡಗಿದವು.

ಕೊಯ್ದ.

ಕಡೆಯ ಎಳೆ ಪಟ್ಟೆಂದಿತು. ದೊಡ್ಡ ಕತ್ತಾಳೆ ಬುಡಸಮೇತ, ಮಗುಚಿದ ಕೊಡೆಯಂತೆ, ಅವನ ಕಿವಿ ಸವರಿಕೊಂಡು ಕೆಳಗೆ ಹೋಯಿತು. ಬಾಲದಂತೆ ಹಗ್ಗವೂ ಹೋಯಿತು. ಕೈಜಾರಿ ಕತ್ತಿಯೂ ಹೋಯಿತು. ಸದ್ದು ಬರಲು ತುಂಬ ಹೊತ್ತು ಹಿಡಿಯಿತು.

"ಭಾವಾ!"

"ಇದೀನಿ ಕಣೋ," ಎಂದ. ಕೆನ್ನೆಯ ಮುಳ್ಳು ಮಾತಿನ ಜೊತೆ ಅಲ್ಲಾಡಿತು. "ಕತ್ತೆಗಳ ಹಗ್ಗ ತಾ."

ಕತ್ತೆಗಳು ಬೆಟ್ಟದ ಬುಡದಲ್ಲಿದ್ದವು. ಬಿಸಿಲು ಬೆನ್ನಿನಿಂದ ಕತ್ತಿಗೆ ಹತ್ತಿತು. ಬೆರಳುಗಳು ತನ್ನವೋ ಗಿಡದವೋ ತಿಳಿಯದಾಯಿತು. ಅಂತೂ ಹಗ್ಗದ ತುದಿ ಇಳಿದು ಭುಜ ತಟ್ಟಿತು.

"ಯಾವುದಕ್ಕೆ ಕಟ್ಟಿದೀಯ?"

"ಹಿಂದಿನ ಓಕ್ ಮರಕ್ಕೆ. ಎರಡು ಕತ್ತೆ ಹಗ್ಗ ಕೂಡಿಸಿದೀನಿ."

"ಮರ ಹೂ ಬಿಟ್ಟಿದೆಯಾ?"

"ಅಯ್ಯೋ ದೇವ್ರೇ, ಓಕ್ ಹೂ ಬಿಟ್ರೆ ಸಾಯಲ್ಲ ಭಾವ! ಕಟ್ಕೊಳ್ಳಿ!"

"ಮೊದ್ಲು ನೀನು ಜೋತುಬಿದ್ದು ಜಗ್ಗು."

ಮೇಲೆ ಎಲೆಗಳು ಭರಭರನೆ ಅಲುಗಿದವು. ಹಸಿಂತೊ ಅಳುತ್ತಲೇ ಜಗ್ಗುತ್ತಿದ್ದ. "ಸಾಕಾ ಭಾವ?"

ಹಗ್ಗ ಹಿಡಿಯಲು ಒಂದು ಕೈ ಬಿಡಬೇಕಿತ್ತು. ಒದಿಲೋನ್ ತನ್ನ ಎಡಗೈ ಬೆರಳುಗಳನ್ನೇ ನೋಡಿದ. ಅವು ಬಿಡುವ ಲಕ್ಷಣ ಕಾಣಲಿಲ್ಲ.

"ಇನ್ನೊಂದ್ಸಲ," ಎಂದ.