ಎರಡು ಪತ್ರ, ಒಂದೇ ಸಹಿ

ಶಾಸಕಿ ವರಲಕ್ಷ್ಮಿ ಮುಖ್ಯಮಂತ್ರಿಗಳ ಪರ ಸಹಿ ಹಾಕಿದ್ದು ಸೋಮವಾರ ಬೆಳಿಗ್ಗೆ, ತನ್ನ ಮನೆಯ ಅಡುಗೆಮನೆಯಲ್ಲಿ. ಹಾಲ್‌ನಲ್ಲಿ ಕೆಲಸ ಕೇಳಿಕೊಂಡು ಬಂದ ಜನ ತುಂಬಿದ್ದರು. ಮುಖ್ಯಮಂತ್ರಿಗಳ ಆಪ್ತ ಕಾರ್ಯದರ್ಶಿ ಅರುಣ್ ಕುಮಾರ್ ಫ್ರಿಜ್ಜಿಗೆ ಒರಗಿ ನಿಂತು ಪತ್ರ ಚಾಚಿದ. ‘ಸೋಮಲಿಂಗಪ್ಪನವರ ನಾಯಕತ್ವದಲ್ಲಿ ನನಗೆ ಪೂರ್ಣ ವಿಶ್ವಾಸವಿದೆ’ ಎಂಬ ಒಂದೇ ಸಾಲು.

“ನಿಮ್ ಹೆರಿಗೆ ಆಸ್ಪತ್ರೆ ಫೈಲು ಸಿಎಂ ಟೇಬಲ್ ಮೇಲೇ ಇದೆ ಮೇಡಂ,” ಎಂದ.

ಅವಳು ಸಹಿ ಹಾಕಿದ್ದು ಕ್ಷೇತ್ರಕ್ಕೊಂದು ಆಸ್ಪತ್ರೆ ಬರುವ ಆಸೆಗಷ್ಟೇ ಅಲ್ಲ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಅವಳು ಹದಿನಾಲ್ಕು ವರ್ಷ ಕಾಲರ್ ಹೊಲಿದವಳು. ಮಾಲೀಕರು ರಾತ್ರೋರಾತ್ರಿ ಬೀಗ ಜಡಿದಾಗ ನಾನೂರು ಹೆಂಗಸರನ್ನು ಕರೆದುಕೊಂಡು ಹೋಗಿ ಮಾಗಡಿ ರಸ್ತೆಯಲ್ಲಿ ಕೂತವಳು. ಆಗ ವಿರೋಧ ಪಕ್ಷದಲ್ಲಿದ್ದ ಸೋಮಲಿಂಗಪ್ಪ ಬಂದು ಅವರ ಪಕ್ಕದಲ್ಲೇ ಟಾರಿನ ಮೇಲೆ ಕೂತಿದ್ದರು. ಮುಂದಿನ ಚುನಾವಣೆಯಲ್ಲಿ ಹಟ ಹಿಡಿದು ಅವಳಿಗೆ ಟಿಕೆಟ್ ಕೊಡಿಸಿದರು.

ಟಿಕೆಟ್ ಕೊಡಿಸಿದವರು ಅವರಾದರೆ, ಗೆಲ್ಲಿಸಿದವರು ಮುನಿರಾಜು. ವಿಜಯನಗರದಿಂದ ಕೆಂಗೇರಿವರೆಗೆ ಬೂತ್‌ಬೂತಿನಲ್ಲೂ ಅವರ ಮಾತು ನಡೆಯುತ್ತಿತ್ತು. ವರಲಕ್ಷ್ಮಿಯ ಗಂಡ ಮಹದೇವ್ ಮದುವೆಗೂ ಮುಂಚಿನಿಂದ ಅವರ ಹಿಂದೆ ಓಡಾಡಿಕೊಂಡಿದ್ದವನು. ಪಕ್ಷ ಅಧಿಕಾರಕ್ಕೆ ಬಂದು ಎರಡು ವರ್ಷವಾಗಿತ್ತು. ಹಿರಿಯ ಮಂತ್ರಿಯಾಗಿದ್ದ ಮುನಿರಾಜುಗೆ ಈಗ ಮುಖ್ಯಮಂತ್ರಿ ಕುರ್ಚಿ ಬೇಕಿತ್ತು. ಎರಡೂ ಬಣದವರು ಶಾಸಕರ ಸಹಿ ಸಂಗ್ರಹಕ್ಕೆ ಇಳಿದಿದ್ದರು.

ಸಹಿ ಹಾಕಿದ್ದನ್ನು ವರಲಕ್ಷ್ಮಿ ಗಂಡನಿಗೆ ಹೇಳಲಿಲ್ಲ. ಒಳ್ಳೆಯ ಹೊತ್ತು ನೋಡಿ ಹೇಳೋಣ ಎಂದುಕೊಂಡಳು. ಆ ಹೊತ್ತು ಬರಲೇ ಇಲ್ಲ.

ಬುಧವಾರ ಮಧ್ಯಾಹ್ನ ಟಿವಿಯಲ್ಲಿ ಸುದ್ದಿ ಬಂತು. ಮೂವತ್ತೆಂಟು ಶಾಸಕರು ಮುನಿರಾಜು ಪರ ದಿಲ್ಲಿಗೆ ಪತ್ರ ಬರೆದಿದ್ದಾರಂತೆ. ಪತ್ರಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಹನ್ನೊಂದನೆಯದು ಅವಳದು. ಲೆಟರ್‌ಹೆಡ್ಡೂ ಅವಳದೇ, ಕೆಳಗಿದ್ದ ಸಹಿಯೂ ಅವಳದೇ.

ಯಾರೋ ನಕಲು ಮಾಡಿದ್ದಾರೆ ಎಂದು ಮೊದಲು ಅನ್ನಿಸಿತು. ಆಮೇಲೆ ಅತ್ತಿಗುಪ್ಪೆಯ ತನ್ನ ಕಚೇರಿಯ ಬೀರು ಕಣ್ಣ ಮುಂದೆ ಬಂತು. ಅಧಿವೇಶನ ನಡೆಯುವಾಗ ಜನ ಬರಿಗೈಲಿ ಹೋಗಬಾರದೆಂದು ಅವಳೇ ಪ್ರತಿ ವಾರ ಇಪ್ಪತ್ತು ಖಾಲಿ ಲೆಟರ್‌ಹೆಡ್ ಹಾಳೆಗಳಿಗೆ ಸಹಿ ಹಾಕಿಡುತ್ತಿದ್ದಳು. ಶಾಲೆ ಸೀಟು, ಆಸ್ಪತ್ರೆ ಬೆಡ್ಡು, ಯಾವುದಕ್ಕೆ ಬೇಕೋ ಅದಕ್ಕೆ ಶಿಫಾರಸು ಬರೆದುಕೊಡಲು. ಬೀರುವಿನ ಕೀಲಿ ಇದ್ದದ್ದು ಮಹದೇವನ ಹತ್ತಿರ.

ಅವನು ಬಾಗಿಲಲ್ಲಿ ನಿಂತಿದ್ದ. ಟಿವಿ ಕಡೆ ನೋಡುತ್ತಿರಲಿಲ್ಲ.

“ರೀ, ಯಾರ್ ಕೊಟ್ರು ಅದನ್ನ?”

“ಮುನಿರಾಜಣ್ಣ ಮನೆಗೆ ಕರೆಸಿದ್ರು ಕಣೇ. ಎಲ್ಲಾರ ಎದುರಿಗೆ ಕೇಳಿದ್ರು, ‘ಏನೋ ಮಹದೇವ, ನಿನ್ ಮನೆ ನಂದಲ್ವೇನೋ’ ಅಂತ. ಏನ್ ಹೇಳ್ಲಿ ನಾನು? ಹೆಂಡ್ತೀನ ಕೇಳ್ಕೊಂಡ್ ಬರ್ತೀನಿ ಅನ್ಲಾ?”

“ಅನ್ಬೇಕಿತ್ತು.”

“ನೀನ್ ಹೆಂಗಿದ್ರೂ ಹೂಂ ಅಂತೀಯ ಅನ್ಕೊಂಡೆ.”

“ನಾನು ಸೋಮವಾರಾನೇ ಸಿಎಂಗೆ ಬರ್ಕೊಟ್ಟಿದೀನಿ ಕಣ್ರೀ.”

ಮಹದೇವ್ ಕುರ್ಚಿ ಎಳೆದುಕೊಂಡು ಕುಸಿದು ಕೂತ. “ನಂಗೊಂದ್ ಮಾತು ಹೇಳ್ದೇನೆ?” ಎಂದ. ಅವಳು ಕೇಳಬೇಕೆಂದಿದ್ದ ಮಾತೂ ಅದೇ. ಅವಳು ಟಿವಿ ಆರಿಸಿದಳು.

ಅರ್ಧ ಗಂಟೆಯೊಳಗೆ ಅರುಣ್ ಕುಮಾರ್ ಫೋನ್ ಮಾಡಿದ. “ಫೋರ್ಜರಿ ಅಂತ ಪೊಲೀಸ್ ಕಂಪ್ಲೇಂಟ್ ಕೊಟ್ಬಿಡಿ ಮೇಡಂ. ಡ್ರಾಫ್ಟ್ ರೆಡಿ ಇದೆ.”

“ಯಾರ್ ಮೇಲೆ?”

“ಹಾಳೆ ಯಾರ್ ಕೊಟ್ರೋ ಅವ್ರ ಮೇಲೆ. ಯಾರು ಅಂತ ನಮಗೂ ಗೊತ್ತು, ನಿಮಗೂ ಗೊತ್ತು.”

ಅವನು ಫೋನ್ ಇಟ್ಟ ಕೂಡಲೇ ಸ್ವತಃ ಮುನಿರಾಜು ಕರೆ ಮಾಡಿದರು. ಅವರ ದನಿ ಎಂದಿನಂತೆ ಮೆತ್ತಗಿತ್ತು. “ತಂಗೀ, ಮಹದೇವ ನಮ್ಮನೆ ಹುಡುಗ. ಅವನಿಗೆ ತೊಂದ್ರೆ ಆಗೋ ಥರ ನೀನು ಮಾತಾಡಲ್ಲ ಅಂತ ಗೊತ್ತಮ್ಮ ನಂಗೆ.” ಐವತ್ತು ದಾಟಿದ ಗಂಡನನ್ನು ಹುಡುಗ ಎಂದದ್ದು ಅವಳಿಗೆ ಚುಚ್ಚಿತು. ಆದರೂ “ಆಯ್ತಣ್ಣ” ಎಂದುಬಿಟ್ಟಳು.

ಆಮೇಲಿನ ಒಂದೂವರೆ ದಿನ ಅವಳು ಹೊಸ್ತಿಲು ದಾಟಲಿಲ್ಲ. ಮುಂದಿನ ಗೇಟಿಗೆ ಟಿವಿಯವರು ಮುತ್ತಿಕೊಂಡಿದ್ದರು. ಹಿಂದಿನ ಓಣಿಯಲ್ಲಿ ಮುನಿರಾಜು ಕಡೆಯವರ ಎರಡು ಕಾರು ನಿಂತಿದ್ದವು, ರಕ್ಷಣೆಗಂತೆ. ವರಾಂಡದಲ್ಲಿ ಸರ್ಕಾರ ಹೊಸದಾಗಿ ಕಳಿಸಿದ ಪೊಲೀಸಿನವರು, ಅವರೂ ರಕ್ಷಣೆಗೇ. ಅವಳು ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಕೆಳಗೆ ಮೂರೂ ಕಡೆ ತಲೆಗಳು ಮೇಲೇಳುತ್ತಿದ್ದವು. ರಾಜೀನಾಮೆ ಬಿಸಾಡಿ ಮತ್ತೆ ಮಿಷನ್ ತುಳಿಯಲು ಹೋಗೋಣವೆನಿಸಿತು. ಹೋದರೆ ಉಪಚುನಾವಣೆ ಬರುತ್ತದೆ, ಇದೇ ಇಬ್ಬರೂ ಇನ್ನೊಬ್ಬರನ್ನು ತಂದು ನಿಲ್ಲಿಸುತ್ತಾರೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆಟೋದಲ್ಲೇ ಹೆರುವವರು ಹೆರುತ್ತಲೇ ಇರುತ್ತಾರೆ.

ಶುಕ್ರವಾರ ಹನ್ನೊಂದಕ್ಕೆ ದಿಲ್ಲಿಯ ವೀಕ್ಷಕರ ಮುಂದೆ ಹಾಜರಾಗಬೇಕೆಂದು ಕರೆ ಬಂತು. ಮುಂದೆ ಪೊಲೀಸ್ ಜೀಪು, ಹಿಂದೆ ಮುನಿರಾಜು ಕಡೆಯ ಕಾರು, ನಡುವೆ ಅವಳದು. ಮಹದೇವ್ ಪಕ್ಕದಲ್ಲಿ ಕೂತಿದ್ದ. ಕಾರು ವಿಜಯನಗರ ದಾಟಿತು.

“ನನ್ ಹೆಸರು ಹೇಳ್ಬಿಡು ವರಾ,” ಎಂದ ಆಮೇಲೆ. “ಕೊಟ್ಟಿದ್ದು ನಾನೇ ತಾನೆ. ಜೈಲಿಗಾದ್ರೂ ಹೋಗ್ತೀನಿ.”

ಅವಳು ಅವನತ್ತ ತಿರುಗಿದಳು. ಅವನ ಕೈ ಮೇಲೆ ಕೈ ಇಟ್ಟಳು. ಸಿಗ್ನಲ್ ಬಿಟ್ಟು ಕಾರು ಹೊರಟಾಗ ಅವನು ಮೆಲ್ಲಗೆ ಸೇರಿಸಿದ: “ಅಣ್ಣನ ವಿರುದ್ಧ ಮಾತ್ರ ಏನೂ ಹೇಳ್ಬೇಡ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ವೀಕ್ಷಕರು ಆಂಧ್ರದ ಕಡೆಯ ವಯಸ್ಸಾದ ಮನುಷ್ಯ, ಕನ್ನಡ ಬಲ್ಲವರು. ಅತಿಥಿಗೃಹದ ಕೋಣೆಯಲ್ಲಿ ಎರಡೂ ಪತ್ರಗಳನ್ನು ಅಕ್ಕಪಕ್ಕ ಜೋಡಿಸಿಟ್ಟಿದ್ದರು.

“ಯಾವ್ದಮ್ಮ ನಿಜ?”

“ಎರಡರ ಸಹೀನೂ ನಂದೇ ಸಾರ್. ಒಂದು ಓದಿ ಹಾಕಿದ್ದು. ಇನ್ನೊಂದು ಖಾಲಿ ಹಾಳೆ ಮೇಲೆ ಹಾಕಿಟ್ಟಿದ್ದು. ಹಾಗೆ ಹಾಕಿಟ್ಟಿದ್ದು ನನ್ ತಪ್ಪು.”

“ಖಾಲಿ ಹಾಳೆ ಯಾರು ತಗೊಂಡ್ರು?”

“ಅದೊಂದು ಕೇಳ್ಬೇಡಿ.”

“ಅದು ಹೇಳದೇ ಇದ್ರೆ ಈ ಪತ್ರ ಸುಳ್ಳು ಅಂತ ನಾನು ಹೇಗೆ ಬರೀಲಮ್ಮ? ಇದು ನಿಂತ್ರೆ ಸಿಎಂ ಪರ ಕೊಟ್ಟಿದ್ದು ಬೀಳುತ್ತೆ.”

ಸೋಮಲಿಂಗಪ್ಪ ಟಾರಿನ ಮೇಲೆ ಕೂತಿದ್ದು ಅವಳಿಗೆ ನೆನಪಾಯಿತು. ಹೊರಗೆ ಬೆಂಚಿನ ಮೇಲೆ ಮಹದೇವ್ ಕೂತಿದ್ದ. ಬಾಗಿಲ ಗಾಜಿನಲ್ಲಿ ಅವನ ಬೆನ್ನು ಕಾಣುತ್ತಿತ್ತು, ಕಾಲರಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು.

“ಹಾಗಾದ್ರೆ ಎರಡನ್ನೂ ಪಕ್ಕಕ್ಕಿಡಿ ಸಾರ್,” ಎಂದಳು.

“ಆಗ ನೀವು ಯಾರ ಕಡೆಗೂ ಇಲ್ಲ. ಯಾರೂ ನಿಮ್ಮ ಕಡೆಗೆ ಇರಲ್ಲ. ಗೊತ್ತಲ್ವಾ?”

“ಗೊತ್ತು. ನಮ್ಮಲ್ಲಿ ಒಂದು ಹೆರಿಗೆ ಆಸ್ಪತ್ರೆ—”

“ಅದು ನನ್ನ ಕೆಲಸ ಅಲ್ಲಮ್ಮ,” ಎಂದು ಅವರು ಮರುಕದಿಂದಲೇ ಪೆನ್ನಿನ ಕ್ಯಾಪ್ ಮುಚ್ಚಿದರು. “ನಾನು ತಲೆ ಎಣಿಸೋಕೆ ಬಂದೋನು.”

ಹತ್ತು ದಿನದಲ್ಲಿ ದಿಲ್ಲಿಯಿಂದ ತೀರ್ಪು ಬಂತು. ನಾಯಕತ್ವ ಬದಲಾವಣೆ ಇಲ್ಲ. ಸೋಮಲಿಂಗಪ್ಪ, ಮುನಿರಾಜು ಒಂದೇ ಟೇಬಲ್ಲಿನಲ್ಲಿ ಇಡ್ಲಿ ತಿಂದ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂತು. ರಾಜಿಯ ಲೆಕ್ಕದಲ್ಲಿ ಗಟ್ಟಿಯಾಗಿ ನಿಂತವರಿಗೆಲ್ಲ, ಆ ಬಣವಾಗಲಿ ಈ ಬಣವಾಗಲಿ, ಒಂದಲ್ಲ ಒಂದು ಸ್ಥಾನ ಸಿಕ್ಕಿತು. ಆಸ್ಪತ್ರೆಯ ಫೈಲು ‘ಮರುಪರಿಶೀಲನೆಗೆ’ ಎಂದು ವಾಪಸಾಯಿತು. ಅರುಣ್ ಕುಮಾರ್ ಅವಳ ಫೋನ್ ಎತ್ತುವುದನ್ನು ನಿಲ್ಲಿಸಿದ. ಪಕ್ಷದ ಬ್ಲಾಕ್ ಕಾರ್ಯದರ್ಶಿಗಳ ಪಟ್ಟಿಯಿಂದ ಮಹದೇವನ ಹೆಸರು ಹೋಯಿತು. ಆದರೂ ಅವನು ದಿನಾ ಬೆಳಿಗ್ಗೆ ಮುನಿರಾಜು ಮನೆಯ ಗೇಟಿನ ಹತ್ತಿರ ಹೋಗಿ, ನಿಂತು, ತಿಂಡಿಯ ಹೊತ್ತಿಗೆ ವಾಪಸು ಬರುತ್ತಿದ್ದ. ಒಳಗೆ ಕರೆದರಾ ಎಂದು ಅವಳು ಕೇಳುತ್ತಿರಲಿಲ್ಲ.

ಮುಂದಿನ ತಿಂಗಳು ಕೆಂಗೇರಿಯಲ್ಲಿ ಪಕ್ಷದ ಒಗ್ಗಟ್ಟಿನ ಸಮಾವೇಶ. ಶಾಸಕರೆಲ್ಲ ಬರಲೇಬೇಕೆಂಬ ಆದೇಶವಿತ್ತು. ವೇದಿಕೆಯಲ್ಲಿ ಅವಳಿಗೆ ಮೂಲೆಯ ಕುರ್ಚಿ. ಫೋಟೋದವರು ಹೆಣ್ಣುಮಗಳೊಬ್ಬಳು ಇರಲಿ ಎಂದು ಕೂಗಿದಾಗ ಯಾರೋ ಅವಳನ್ನು ನಡುವಿಗೆ ತಳ್ಳಿದರು.

“ಏನಮ್ಮ, ಚೆನ್ನಾಗಿದೀಯಾ?” ಎಂದು ಸೋಮಲಿಂಗಪ್ಪ ಮುಖ ನೋಡದೆ ಕೇಳಿದರು.

“ಬಾ ತಂಗೀ,” ಎಂದರು ಮುನಿರಾಜು.

ಒಬ್ಬರು ಅವಳ ಬಲಗೈ ಹಿಡಿದರು, ಇನ್ನೊಬ್ಬರು ಎಡಗೈ. ಎರಡನ್ನೂ ಒಟ್ಟಿಗೆ ಮೇಲಕ್ಕೆತ್ತಿದರು. ಭುಜ ನೋಯುತ್ತಿತ್ತು. ಬಿಡಿಸಿಕೊಳ್ಳಲು ಒಮ್ಮೆ ಸಣ್ಣಗೆ ಜಗ್ಗಿ ನೋಡಿದಳು. ಎರಡೂ ಕಡೆ ಹಿಡಿತ ಬಿಗಿಯಾಯಿತು. ಮೈದಾನದ ತುಂಬ ಜೈಕಾರ. ಮೂರನೇ ಸಾಲಿನಲ್ಲಿ ಮಹದೇವ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ.